ಕಾರ್ಡಮ್ಮನ ಹೊಸ ಕಟ್ಟು

ಕಾರ್ಡಮ್ಮನ ಹಳೆಯ ಕಾರ್ಡಿನ ಕಟ್ಟು ಸತ್ತ ದಿನ ನಾನು ಒಂದು ಪ್ಯಾಂಟಿಗೆ ಜಿಪ್ ಹಾಕುತ್ತಿದ್ದೆ. ಸತ್ತಿತು ಎಂದೇ ಅವಳು ಹೇಳುವುದು, ಹರಿದುಹೋಯಿತು ಎನ್ನುವುದಿಲ್ಲ. ನಮ್ಮಿಬ್ಬರದೂ ಒಂದೇ ಅಂಗಡಿ, ನಡುವೆ ಒಂದು ಪರದೆ. ಈಚೆ ನನ್ನ ಹೊಲಿಗೆ ಯಂತ್ರ. ಆಚೆ ಅವಳ ಮೇಜು, ಎರಡು ಕುರ್ಚಿ, ಎಪ್ಪತ್ತೆಂಟು ಟ್ಯಾರೋ ಕಾರ್ಡು. ಜನ ಬಂದು ತಮ್ಮ ಗೋಳು ಹೇಳಿಕೊಳ್ಳುತ್ತಾರೆ, ಅವಳು ಕಾರ್ಡು ತೆಗೆದು ಮುಂದೇನು ಎಂದು ಹೇಳುತ್ತಾಳೆ.

ಆ ದಿನ ಬಂದ ಗ್ಯಾರೇಜಿನವನು ಏನನ್ನೂ ಕೇಳಲಿಲ್ಲ. ಹೆಂಡತಿ ಅವನನ್ನು ಬಿಟ್ಟು ಹೋಗಿ ವಾರವಾಗಿತ್ತು. ಹೋಗುವ ಮುಂಚೆ ಅವಳು ಕಾರ್ಡಮ್ಮನ ಹತ್ತಿರ ಬಂದಿದ್ದಳೆಂದು ಯಾರೋ ಅವನ ಕಿವಿ ಊದಿದ್ದರು. ಅವನು ಕಾರ್ಡಮ್ಮನ ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಒಂದಲ್ಲ, ಎರಡು ಸಲ. ನಾನು ಪರದೆ ಸರಿಸುವಷ್ಟರಲ್ಲಿ ಅವಳ ಹಲ್ಲೊಂದು ಮೇಜಿನ ಮೇಲೆ ಬಿದ್ದಿತ್ತು, ಅವನು ಕಾರ್ಡುಗಳನ್ನು ಐದೈದು ಒಟ್ಟಿಗೆ ಹಿಡಿದು ಹರಿಯುತ್ತಿದ್ದ. ನಾನು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅವನ ಬೆನ್ನಿಗೆ ಒತ್ತಿ ಹಿಡಿದೆ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅಂಗಿ ಸುಟ್ಟಿತಲ್ಲ ಎಂದು ಮಾತ್ರ ಸ್ವಲ್ಪ ಬೇಜಾರು, ಒಳ್ಳೆಯ ಬಟ್ಟೆಯಾಗಿತ್ತು.

ಹೊಡೆತ ಕಾರ್ಡಮ್ಮನಿಗೆ ಹೊಸದಲ್ಲ. ಹತ್ತೊಂಬತ್ತಕ್ಕೇ ಮದುವೆ, ಲಾರಿ ಓಡಿಸುವ ಗಂಡ, ಹದಿನೈದು ವರ್ಷ ಏಟು. ಅವಳ ಎಡಗೈಯ ಮಣಿಕಟ್ಟು ಈಗಲೂ ಸೊಟ್ಟಗಿದೆ, ಅದು ಅವನು ಕೊಟ್ಟ ಉಡುಗೊರೆ. ಆ ಕೈಗೆ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಪಕ್ಕದ ಹಾಸಿಗೆಯ ಮುದುಕಿಯೊಬ್ಬಳು ಹೊತ್ತು ಹೋಗಲೆಂದು ಅವಳಿಗೆ ಕಾರ್ಡು ಕಲಿಸಿದ್ದು, ಸಾಯುವಾಗ ಕಟ್ಟನ್ನೂ ಕೊಟ್ಟಿದ್ದು. ಮನೆಗೆ ಹೋದ ಮೇಲೆ ಗಂಡ ಮತ್ತೆ ಕೈಯೆತ್ತಿದ. ಇವಳು ಕಬ್ಬಿಣದ ಬಾಣಲೆಯಿಂದ ಅವನ ತಲೆಗೆ ಬಾರಿಸಿ, ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಳು. ಅವನು ಬದುಕಿದನೋ ಇಲ್ಲವೋ ಅಂತಾದರೂ ನೋಡಲಿಲ್ಲವಾ ಎಂದು ನಾನೊಮ್ಮೆ ಕೇಳಿದ್ದೆ.

“ಬಾಣಲೆ ಸೊಟ್ಟ ಆಗಿತ್ತು ಕಣೇ, ಅಷ್ಟು ನೋಡ್ದೆ,” ಅಂದಳು.

ಹದಿನೆಂಟು ವರ್ಷ ಅದೇ ಕಟ್ಟಿನಲ್ಲಿ ಬದುಕು ನಡೆಸಿದ್ದಳು. ಅದು ಹೋದ ಮೇಲೆ ದೂರದ ಊರಿನಲ್ಲಿರುವ ಅವಳ ತಂಗಿ ಹೊಸದೊಂದನ್ನು ಕಳಿಸಿದಳು. ಯಾವ್ಯಾವುದೋ ದೇಶದ ಅಜ್ಜಿಕತೆಗಳನ್ನು ಒಟ್ಟು ಮಾಡಿ ಬರೆದ ಚಿತ್ರಗಳ ಕಟ್ಟು. ಡಬ್ಬಿ ನೋಡಿದರೆ ಮಕ್ಕಳ ಆಟದ ಸಾಮಾನಿನ ಹಾಗಿತ್ತು. ತೆರೆದರೆ ಒಳಗೆ ರಕ್ತದ ಮಡು. ಒಬ್ಬ ಅಜ್ಜಿ ತೋಳದ ತಲೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಸಂತೆಗೆ ಹೊರಟಿದ್ದಾಳೆ. ಮಲತಾಯಿ ಮಗುವನ್ನು ಬಾವಿಗೆ ತಳ್ಳುತ್ತಿದ್ದಾಳೆ, ಬಾವಿಯೊಳಗಿನ ಕೈಯೊಂದು ಅವಳ ಜಡೆಯನ್ನು ಹಿಡಿದಿದೆ. ರಾಜನ ಮೂರು ಮಕ್ಕಳು ಒಂದೇ ಕಿರೀಟ ಹಿಡಿದೆಳೆಯುತ್ತಿದ್ದಾರೆ, ಕಿರೀಟ ಇನ್ನೂ ಅಪ್ಪನ ತಲೆಯ ಮೇಲೇ ಇದೆ.

“ಏನಕ್ಕಾ ಇದು, ಕಸಾಯಿಖಾನೆ?” ಅಂದೆ.

“ಅಜ್ಜಿಕತೆ ಅಂದ್ರೆ ಹೀಗೇ ಇರೋದು. ನಿಂಗೆ ಹೇಳ್ದೋರು ಹೆಣ ಎಲ್ಲಾ ತೆಗೆದು ಹೇಳಿದ್ರು, ಅಷ್ಟೇ.”

ಹೊಸ ಕಟ್ಟನ್ನು ತಂದ ದಿನವೇ ಯಾರೂ ಜನಕ್ಕೆ ತೆಗೆಯುವುದಿಲ್ಲವಂತೆ. ದಿನಕ್ಕೊಂದೇ ಕಾರ್ಡು, ಅದೂ ಕ್ರಮವಾಗಿ. ಮೊದಲು ದೊಡ್ಡ ಕಾರ್ಡು ಇಪ್ಪತ್ತೆರಡು, ಆಮೇಲೆ ಕೋಲು, ಬಟ್ಟಲು, ಕತ್ತಿ, ನಾಣ್ಯದ ಗುಂಪುಗಳು, ಒಂದೊಂದೂ ಒಂದರಿಂದ ಶುರು. ಎಲ್ಲದರ ಪರಿಚಯ ಆಗುವ ತನಕ ಕಟ್ಟು ಬಾಯಿ ಬಿಡಬಾರದು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಕಾರ್ಡಮ್ಮ ಒಂದನ್ನು ಎದುರಿಗಿಟ್ಟುಕೊಂಡು ಭೂತಕನ್ನಡಿ ಹಿಡಿದು ಕೂರುವಳು. ಮೂರೇ ಪ್ರಶ್ನೆ: ಯಾರು ನೀನು? ಇಲ್ಲಿ ಯಾರು ಯಾರಿಗೆ ಹೊಡೆದರು? ನೀನು ಯಾರ ಕಡೆ? ಪೊಲೀಸ್ ಠಾಣೆಯಲ್ಲಿ ಕಳ್ಳನನ್ನು ವಿಚಾರಿಸಿದ ಹಾಗೆ ಜೋರಾಗಿಯೇ ಕೇಳುವಳು. ಡಬ್ಬಿಯ ಜೊತೆ ಬಂದ ಪುಸ್ತಕವನ್ನು ಮಾತ್ರ ಬಿಡಿಸಲಿಲ್ಲ. “ಪುಸ್ತಕ ಓದಿ ಗಂಡನ್ನ ತಿಳ್ಕೊಳ್ಳೋಕೆ ಆಗುತ್ತಾ? ಜೊತೇಲಿ ಬಾಳಬೇಕು,” ಎನ್ನುವಳು. ಬಾಳಿ ಉದ್ಧಾರವಾಗಿದ್ದು ಗೊತ್ತಲ್ಲ ಎಂದು ನಾನು ಈಚೆಯಿಂದ ಕಾಲೆಳೆಯುತ್ತಿದ್ದೆ.

ಹದಿನೇಳನೆಯ ದಿನ ಲಾಂಡ್ರಿ ಹುಡುಗಿ ಬಂದಳು. ಹುಡುಗಿ ಎಂದರೂ ಇಪ್ಪತ್ತಾರು ವರ್ಷ. ಮುಂದಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಗುಂಡಿ ಕಿತ್ತ, ಹೊಲಿಗೆ ಬಿಟ್ಟ ಬಟ್ಟೆಗಳನ್ನು ದಿನಾ ನನಗೆ ತಂದು ಹಾಕುವವಳು ಅವಳೇ. ಗಂಡ ಗೋದಾಮಿನಲ್ಲಿ ಮೇಸ್ತ್ರಿ. ಅವನ ಜೊತೆ ಬಾಯಿ ಜಗಳ ಎಂದು ಹೇಳಿ ಐದು ದಿನದಿಂದ ಲಾಂಡ್ರಿಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದಳು. ಗಂಟನ್ನು ನನ್ನ ಮುಂದೆ ಇಳಿಸಿದವಳು ಸೀದಾ ಪರದೆಯಾಚೆ ಹೋಗಿ ಕೂತಳು.

“ಅವ್ರು ಮನೆಗೆ ಸುಣ್ಣ ಬಣ್ಣ ಮಾಡಿಸಿದಾರಂತೆ ಅಮ್ಮ. ಬಾ ಅಂತಿದಾರೆ. ಹೋಗ್ಲಾ ಬೇಡ್ವಾ, ಅಷ್ಟೇ ಹೇಳಿ.”

“ಈ ಕಟ್ಟು ಇನ್ನೂ ಬಾಯಿ ಬಿಟ್ಟಿಲ್ಲಮ್ಮ. ಎರಡು ತಿಂಗಳು ಕಾಯಿ.”

“ಅಲ್ಲೀವರೆಗೂ ಎಲ್ಲಿರ್ಲಿ? ಇವತ್ತು ಸಂಜೆ ಬರ್ತಾರೆ ಕರ್ಕೊಂಡು ಹೋಗೋಕೆ. ನಿಮ್ ಕಾಲಿಗೆ ಬೀಳ್ತೀನಿ, ಒಂದೇ ಒಂದು.”

ತೆಗಿ ಅಕ್ಕ, ಒಂದು ತಾನೇ ಎಂದು ಈಚೆಯಿಂದ ಬಾಯಿ ಹಾಕಿದವಳು ನಾನೇ. ಕಾರ್ಡು ಕಲೆಸುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಕಾರ್ಡಮ್ಮ, “ಕೋಲಿನ ನಾಲ್ಕು. ಹೂವಿನ ಚಪ್ಪರ, ಮನೆ ಸೇರೋ ಕಾರ್ಡು. ಶುಭ,” ಅಂದಳು. ಒಂದು ಕ್ಷಣ ಬಿಟ್ಟು, “ಹೋಗು,” ಅಂದಳು.

ಹುಡುಗಿ ಹೋದಳು. ಮಾರನೆಯ ದಿನದಿಂದ ಲಾಂಡ್ರಿಯ ಗಂಟನ್ನು ಬೇರೊಬ್ಬ ಹೆಂಗಸು ತರತೊಡಗಿದಳು. ಕೇಳಿದರೆ, ಗಂಡ ಫೋನ್ ಮಾಡಿ ಅವಳಿಗೆ ಜ್ವರ ಎಂದು ಹೇಳಿದ್ದಾನೆ ಅಂದಳು. ಜ್ವರ ಬಂದು ಮಲಗಿದ್ದಾಳೆ, ಉಳಿದಂತೆ ಸುಖವಾಗಿದ್ದಾಳೆ ಎಂದುಕೊಂಡು ನನ್ನ ಪಾಡಿಗೆ ನಾನು ಗುಂಡಿ ಹಚ್ಚಿದೆ.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಕಾರ್ಡಮ್ಮನ ಆ ಮೂರು ಪ್ರಶ್ನೆ ಕೇಳಿಸಲಿಲ್ಲ. ಕುರ್ಚಿ ಉರುಳಿದ ಸದ್ದು ಬಂತು. ಓಡಿಹೋಗಿ ನೋಡಿದರೆ ಗೋಡೆಗೆ ಒರಗಿ ನಿಂತಿದ್ದಾಳೆ, ಮುಖ ಬಿಳಿಚಿದೆ. ಕ್ರಮದಲ್ಲಿ ಅಂದು ಕೋಲಿನ ನಾಲ್ಕರ ಸರದಿಯಾಗಿತ್ತು.

“ನೋಡೇ,” ಎಂದು ಭೂತಕನ್ನಡಿ ಕೊಟ್ಟಳು.

ನಾಲ್ಕು ಕೋಲು ನೆಟ್ಟು ಹೂವು ಕಟ್ಟಿದ್ದಾರೆ, ಹಿಂದೆ ಮನೆ, ಹೊಸ ಹೆಂಡತಿ ಒಳಗೆ ಕಾಲಿಡುತ್ತಿದ್ದಾಳೆ. ಬಾಗಿಲಲ್ಲಿ ಕರಡಿ ಮದುಮಗ ನಗುತ್ತಿದ್ದಾನೆ. ಮೆಟ್ಟಿಲ ಪಕ್ಕ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಬರೆದಿದ್ದಾರೆ: ಮೂರು ಜೊತೆ ಹೆಂಗಸರ ಚಪ್ಪಲಿ. ಮೂರೂ ಒಳಮುಖವಾಗಿವೆ, ಮೂರಕ್ಕೂ ಜೇಡರ ಬಲೆ ಕಟ್ಟಿದೆ. ಹೂವಿಗೆ ಕಟ್ಟಿದ್ದು ದಾರವಲ್ಲ, ಕೂದಲು.

“ನಾಲ್ಕು ಕೋಲು ಎಣಿಸ್ದೆ. ಅಷ್ಟೇ ಮಾಡಿದ್ದು ನಾನು. ಹದಿನೆಂಟು ವರ್ಷ ಹೇಳಿ ಹೇಳಿ ರೂಢಿ, ನಾಲ್ಕು ಕಂಡ್ರೆ ಬಾಯಿ ತಾನಾಗೇ ಶುಭ ಅನ್ನುತ್ತೆ. ಚಿತ್ರ ನೋಡ್ಲೇ ಇಲ್ಲ ಕಣೇ! ಒಂಬತ್ತು ದಿನ ಆಯ್ತು. ನಡಿ!”

ಅವಳಿಗೆ ಐವತ್ತೆರಡು, ಮಂಡಿ ನೋವು ಬೇರೆ. ಆದರೂ ನಾನೇ ಅವಳ ಹಿಂದೆ ಏದುಸಿರು ಬಿಡುತ್ತಾ ಓಡಬೇಕಾಯಿತು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅದನ್ನು ಹಿಡಿದುಕೊಂಡೇ ಬಂದಿದ್ದೇನೆಂದು ನನಗೆ ತಿಳಿದದ್ದು ಎರಡು ಬೀದಿ ದಾಟಿದ ಮೇಲೆ.

ಮನೆಗೆ ಹೊಸ ಬಣ್ಣ ಬಳಿದದ್ದು ನಿಜವಾಗಿತ್ತು. ಬಾಗಿಲು ತಟ್ಟಿದಾಗ ಗೋದಾಮಿನ ಮೇಸ್ತ್ರಿಯೇ ಅರ್ಧ ತೆರೆದ.

“ಏನಮ್ಮಾ?”

“ಹುಡುಗೀನ ನೋಡ್ಬೇಕು.”

“ಮಲಗಿದಾಳೆ. ನಾಳೆ ಬನ್ನಿ.”

ಒಳಗಿನಿಂದ ಏನೋ ನೆಲಕ್ಕೆ ಬಡಿದ ಸದ್ದು ಬಂತು. ಒಮ್ಮೆ, ಮತ್ತೊಮ್ಮೆ. ಕಾರ್ಡಮ್ಮ ಬಾಗಿಲ ಸಂದಿಗೆ ಕೈ ತೂರಿಸಿದಳು. ಅವನು ಅದನ್ನು ನೋಡಿಯೇ ಬಾಗಿಲನ್ನು ಭುಜ ಕೊಟ್ಟು ನೂಕಿದ. ಬೆರಳಿನ ಮೂಳೆ ಲಟಕ್ಕೆಂದು ಮುರಿದದ್ದು ನನಗೆ ಕೇಳಿಸಿತು. ಅವಳು ಕಿರುಚಿಕೊಂಡಳು, ಕೈ ಮಾತ್ರ ತೆಗೆಯಲಿಲ್ಲ. ತೆಗೆದಿದ್ದರೆ ಅಗುಳಿ ಬಿದ್ದುಬಿಡುತ್ತಿತ್ತು. ನಾನು ಆ ಸಂದಿಯಲ್ಲೇ ಕತ್ತರಿ ತೂರಿಸಿ ಬೀಸಿದೆ. ಅದು ಅವನ ತೋಳಿಗೆ ಹೊಕ್ಕಿತು. ಬಾಗಿಲು ಸಡಿಲವಾದದ್ದೇ ಇಬ್ಬರೂ ಒಳಗೆ ಬಿದ್ದೆವು. ಅವನು ಕಾರ್ಡಮ್ಮನ ಹೊಟ್ಟೆಗೆ ಒದ್ದ. ಅವಳು ಒದ್ದ ಕಾಲನ್ನೇ ತಬ್ಬಿ ಹಿಡಿದು ಮೀನಖಂಡಕ್ಕೆ ಹಲ್ಲು ಊರಿದಳು. ಅವನು ಅವಳ ಬೆನ್ನಿಗೆ ಗುದ್ದುತ್ತಲೇ ಇದ್ದ, ಅವಳು ಬಿಡಲೇ ಇಲ್ಲ. ಅಷ್ಟರಲ್ಲಿ ಅಕ್ಕಪಕ್ಕದವರು ನುಗ್ಗಿ ಬಂದು ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ಒಂಬತ್ತು ದಿನದಿಂದ ಗೋಡೆಯಾಚೆ ಸದ್ದು ಕೇಳಿಸಿಕೊಂಡು ಸುಮ್ಮನಿದ್ದ ಮಹಾನುಭಾವರು ಇವರೇ. ನನಗೆ ಅವರ ಮೇಲೂ ಕತ್ತರಿ ಬೀಸಬೇಕೆನ್ನಿಸಿತು.

ಹುಡುಗಿ ಒಳಕೋಣೆಯಲ್ಲಿ ನೆಲದ ಮೇಲಿದ್ದಳು. ಒಂದು ಕಾಲನ್ನು ಮಂಚಕ್ಕೆ ಕಟ್ಟಿದ್ದ. ದವಡೆ ಒಂದು ಕಡೆಗೆ ಜರುಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಬಿಸಿ ಇಸ್ತ್ರಿಪೆಟ್ಟಿಗೆಯ ಗುರುತು ತೊಡೆಯ ಮೇಲೆ ಎರಡು ಕಡೆ ಇತ್ತು. ನಾವು ಬಂದದ್ದು ಕೇಳಿ ಹಿಮ್ಮಡಿಯಿಂದ ನೆಲ ಬಡಿದಿದ್ದಳು. ಹಗ್ಗದ ಗಂಟು ಬಿಚ್ಚಲು ಬರಲಿಲ್ಲ, ಕತ್ತರಿಯಿಂದಲೇ ಕತ್ತರಿಸಿದೆ. ನಾನು ಅಳುತ್ತಿದ್ದೆ. ಕಾರ್ಡಮ್ಮ ಅಳಲಿಲ್ಲ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಪೊಲೀಸಮ್ಮ ಹೇಳಿಕೆ ಬರೆದುಕೊಳ್ಳಲು ಬಂದಳು. ಹುಡುಗಿಯ ದವಡೆಗೆ ತಂತಿ ಕಟ್ಟಿದ್ದರು. ಮಾತಾಡುವಂತಿರಲಿಲ್ಲ, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಕಾರ್ಡಮ್ಮ ಬೆರಳಿಗೆಲ್ಲ ಪಟ್ಟಿ ಸುತ್ತಿಸಿಕೊಂಡು ಹಾಸಿಗೆಯ ಕಾಲಿನ ಕಡೆ ನಿಂತಿದ್ದಳು. ಮೂರು ದಿನವೂ ಬಂದು ಅಲ್ಲೇ ನಿಂತು ಹೋಗಿದ್ದಳು, ತಲೆಯ ಕಡೆಗೆ ಬಂದಿರಲಿಲ್ಲ.

“ಒಂದ್ಸಲ ತಪ್ಪಿಸ್ಕೊಂಡು ಬಂದೋಳು ಮತ್ತೆ ಯಾಕಮ್ಮಾ ಹೋದೆ?” ಪೊಲೀಸಮ್ಮ ಕೇಳಿದಳು. “ಅಪ್ಪ ಅಮ್ಮ ಕಳಿಸಿದ್ರಾ? ಯಾರು ಹೋಗು ಅಂದಿದ್ದು?”

ಹುಡುಗಿ ಹೊದಿಕೆಯೊಳಗಿನಿಂದ ಕೈ ತೆಗೆದು ಕಾರ್ಡಮ್ಮನ ಕಡೆ ಬೆರಳು ಮಾಡಿದಳು.

ನನಗೆ ತಡೆಯಲಾಗಲಿಲ್ಲ. “ಅದು ಹೊಸ ಕಟ್ಟು ಮೇಡಂ, ಇವ್ರಿಗೆ ಇನ್ನೂ ಪರಿಚಯ ಆಗಿರ್ಲಿಲ್ಲ. ಕಾರ್ಡ್ ಓದಿದ್ದು ತಪ್ಪಾಯ್ತು, ಬೇಕು ಅಂತ…”

“ಸುಮ್ನಿರೇ,” ಅಂದಳು ಕಾರ್ಡಮ್ಮ. ಆಮೇಲೆ ಪೊಲೀಸಮ್ಮನ ಕಡೆ ತಿರುಗಿದಳು. “ಕಾರ್ಡ್ ವಿಷ್ಯ ಬಿಡಿ. ಕೂತ್ಕೊಳ್ಳುವಾಗ ಈ ಮಗು ಕಾಲರ್ ಸರಿದಿತ್ತು. ಕತ್ತಿನ ಮೇಲೆ ಬೆರಳಿನ ಗುರುತು ಕಾಣ್ತು. ಐದೂ ಬೆರಳು. ಯಾವನೋ ಹಿಸುಕಿದಾನೆ ಅಂತ ಆಗ್ಲೇ ಗೊತ್ತಾಯ್ತು. ನಂಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗುತ್ತೆ? ಅದಾದ್ಮೇಲೆ ಕಾರ್ಡ್ ತೆಗೆದೆ. ಒಳ್ಳೇದು ಬಂತು, ಹೋಗು ಅಂದೆ. ಬರ್ಕೊಳ್ಳಿ.”

ಪರದೆಯ ಈಚೆ ಕೂತಿದ್ದ ನನಗೆ ಇದು ಗೊತ್ತಿರಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಪೊಲೀಸಮ್ಮ ಪೆನ್ನು ಎತ್ತಿಕೊಂಡು ಹುಡುಗಿಯನ್ನು ನೋಡಿದಳು. “ಇದೂ ಬರೀಬೇಕಾ?”

ಹುಡುಗಿ ಹೌದೆಂದು ತಲೆಯಾಡಿಸಿದಳು. ಪೊಲೀಸಮ್ಮ ಬರೆಯತೊಡಗಿದಳು. ಅವಳು ಆ ಸಾಲು ಮುಗಿಸುವವರೆಗೂ ಹುಡುಗಿ ಬೆರಳು ಇಳಿಸಲಿಲ್ಲ.