ಖೂನ ಅಂದರೆ ಗುರುತು

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಥಣಿ ಕಡೆಯಿಂದ ಗಡಿಯಾಚೆಯ ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೂರು ಪತ್ತೇದಾರಿ ಕಾದಂಬರಿಗಳಿದ್ದವು. ಗಂಡನ ಮನೆಯವರದು ಮೆಣಸಿನಕಾಯಿ ವ್ಯಾಪಾರ. ಆಡುವುದೆಲ್ಲ ಕನ್ನಡ, ಓದುವುದೆಲ್ಲ ಮರಾಠಿ. ನಾನೋ ಕನ್ನಡ ಏಳನೆಯ ಇಯತ್ತೆ ಪಾಸಾದವಳು, ಅಂಗಡಿಯ ಮೇಲೆ ತೂಗುವ ಮರಾಠಿ ಪಾಟಿ ಓದಲು ತಡವರಿಸುತ್ತಿದ್ದೆ. ಅಷ್ಟಕ್ಕೇ ಗಂಡ ಬಂದ ಬೀಗರ ಮುಂದೆಲ್ಲ "ನಮ್ಮಾಕಿ ಅಡಾಣಿ ಅದಾಳ್ರಿ" ಎಂದು ನಗುತ್ತಿದ್ದರು. ಅಡಾಣಿ ಅಂದರೆ ಅಕ್ಷರ ಬಾರದವಳು. ಕೆಟ್ಟ ಮನಸ್ಸಿನವರಲ್ಲ, ಚೇಷ್ಟೆ ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮಧ್ಯಾಹ್ನ ಅತ್ತೆಯೂ ನಾನೂ ಮೆಣಸಿನಕಾಯಿಯ ತೊಟ್ಟು ಮುರಿಯಲು ಕೂರುತ್ತಿದ್ದೆವು. ಒಂದು ದಿನ ಕೆಲಸ ಮುಗಿಸಿ ಕಾದಂಬರಿ ಹಿಡಿದಿದ್ದೆ, ಅತ್ತೆ ನೋಡಿಬಿಟ್ಟರು. ಇನ್ನು ಬೈಗಳೇ ಗತಿ ಅಂದುಕೊಂಡರೆ, ಗಟ್ಟಿಯಾಗಿ ಓದು, ನಾನೂ ಕೇಳುತ್ತೇನೆ ಅಂದರು. ಬಾವಿಯಲ್ಲಿ ಹೆಣ ಸಿಗುವ ಹೊತ್ತಿಗೆ ಅವರು ಕಣ್ಣು ಮಿಟುಕಿಸುವುದನ್ನೂ ಮರೆತಿದ್ದರು. ಮೂರೂ ಪುಸ್ತಕಗಳನ್ನು ಎರಡೆರಡು ಸಲ ಓದಿದೆವು. ಎರಡನೆಯ ಸಲ ಕೊಲೆಗಾರ ಬಾಗಿಲಲ್ಲಿ ಕಾಲಿಟ್ಟ ಕ್ಷಣದಿಂದಲೇ ಅತ್ತೆ ಅವನಿಗೆ ಶಾಪ ಹಾಕುತ್ತಿದ್ದರು. ಕೊನೆಗೆ ತಾವೇ ಮಗನಿಗೆ ಹೇಳಿ ಊರ ವಾಚನಾಲಯದಿಂದ ಮರಾಠಿಯ ಪತ್ತೇದಾರಿ ಪುಸ್ತಕ ತರಿಸಿದರು.

ಶಾಲೆಯ ಹಿಂದಿ ತಾಸಿನಲ್ಲಿ ಕಲಿತ ಅಕ್ಷರಗಳು ಅಷ್ಟಿಷ್ಟು ನೆನಪಿದ್ದವು. ಮೊದಲ ಸಾಲು ಕೂಡಿಸಿ ಓದಿಕೊಂಡೆ: ವಾಡೆಯಲ್ಲಿ ಖೂನ ಆಗಿತ್ತು. ನಮ್ಮ ಕನ್ನಡದಲ್ಲಿ ಖೂನ ಅಂದರೆ ಗುರುತು. ಕೊಲೆಗೆ ಖೂನಿ ಅನ್ನುತ್ತೇವೆ. ರಾತ್ರಿ ಊಟಕ್ಕೆ ಕೂತ ಗಂಡ ಏನು ಕಥೆ ಎಂದು ಕೇಳಿದರು. ವಾಡೆಯ ಗೋಡೆಗೆ ಯಾರೋ ಗುರುತು ಮಾಡಿದ್ದಾರೆ ಎಂದೆ. ನಕ್ಕು ನಕ್ಕು ಅವರಿಗೆ ತುತ್ತು ನೆತ್ತಿಗೇರಿತು. ಮರಾಠಿಯಲ್ಲಿ ಖೂನ ಅಂದರೇ ಕೊಲೆ, ಗುರುತಿಗೆ ಖೂಣ. ನನಗೇನು ಕನಸು ಬಿದ್ದಿತ್ತೇ?

ಮರುದಿನದಿಂದ ಹಟ ಹಿಡಿದೆ. ಅಕ್ಷರ ನನ್ನದು, ಅರ್ಥ ಅತ್ತೆಯದು. ನಾನು ಎಡವುತ್ತ ಉಚ್ಚರಿಸಿದ್ದನ್ನು ಅವರು ಸಂತೆಯಲ್ಲಿ ಕಲಿತ ಮರಾಠಿಯಿಂದ ಬಿಡಿಸಿ ಹೇಳುತ್ತಿದ್ದರು. ಮೊದಲ ಪುಸ್ತಕ ಮಳೆಗಾಲವನ್ನೆಲ್ಲ ತಿಂದಿತು. ಆಮೇಲಿನವು ಸರಸರ ಓಡಿದವು. ಗಂಡ ಅದನ್ನು ಗಮನಿಸಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜಾತಿ.

ದೀಪಾವಳಿಗೆ ಕೊಲ್ಹಾಪುರದ ಬೀಗರು ಬಂದರು. ಚಹಾ ಕುಡಿಯುತ್ತ ಗಂಡ ಆ ಗೋಡೆಯ ಗುರುತಿನ ಕಥೆ ತೆಗೆದರು. ಎಲ್ಲರೂ ನಕ್ಕರು. ಕೊನೆಗೆ ಎಂದಿನ ಅಡಾಣಿ ಬಂದೇ ಬಂತು. ಬಾಗಿಲ ಬಳಿ ಕೂತಿದ್ದ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅಡಾಣಿ ಆಕಿ ಅಲ್ಲಪಾ, ನಾ ಅದೀನಿ," ಅಂದರು. "ಇಷ್ಟ ವರ್ಷ ದಿನಾ ಪೇಪರ ಓದತಿ. ಒಂದರೆ ಸುದ್ದಿ ನನಗ ಓದಿ ಹೇಳೀಯೇನು? ಆಕಿ ಹೇಳತಾಳ."

ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡನ ನಗು ಅಲ್ಲಿಗೇ ನಿಂತಿತು. ತಾಯಿಗೆ ಓದು ಬಾರದೆಂದು ಅವರಿಗೆ ಗೊತ್ತಿತ್ತು. ತಾವು ನಗುತ್ತ ಎಸೆಯುವ ಮಾತು ಆಕೆಗೂ ತಾಗುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಪಾಪ, ಅವರ ಮುಖ ನೋಡಿ ನನಗೇ ಕೆಡುಕೆನಿಸಿತು.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ಪೇಪರು ಹಿಡಿದು ತಾಯಿಯ ಎದುರು ಕೂತರು. ಬೆಲ್ಲದ ಧಾರಣಿ, ಮಂತ್ರಿಗಳ ಭಾಷಣ ಎಲ್ಲ ಓದಿದರು. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು, "ಇದರಾಗ ಒಂದೂ ಖೂನ ಇಲ್ಲೇನಪಾ?" ಅಂದರು.

ಗಂಡ ಪೇಪರು ಮಡಚಿದರು. ಗೋಡೆಯ ಮಾಡದಲ್ಲಿದ್ದ ನಮ್ಮ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ಕೇಳಲು ಕೂತರು.