ಮದ್ದಿನ ಮೇಲೆ ಮದ್ದು

ನನ್ನ ಮೊಮ್ಮಗಳು ನಡೆದಳು! ಹನ್ನೊಂದು ತಿಂಗಳಿಗೇ ನಾಲ್ಕು ಹೆಜ್ಜೆ. ನಾನು ಕೈ ಚಾಚಿ ಕೂತಿದ್ದರೂ ಅವಳು ಹೋದದ್ದು ಅಪ್ಪನ ಕಡೆಯ ಅಜ್ಜ, ನನ್ನ ಬೀಗರು ಸಂಕಪ್ಪಣ್ಣನ ಮಡಿಲಿಗೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಮಡಿಲು ಉಳಿಯಿತಲ್ಲ ಎಂದು ಕಣ್ಣು ತುಂಬಿತು. ಅದನ್ನು ಬರೆಯುತ್ತೇನೆ, ನಾಲ್ಕನೇ ಕ್ಲಾಸಿನ ಅಕ್ಷರ, ಸುಧಾರಿಸಿಕೊಳ್ಳಿ.

ಕಳೆದ ವರ್ಷ, 1984ರಲ್ಲಿ, ನಾನು ಆಲಂಕಾರಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಆಯಾ ಆಗಿ ಹದಿಮೂರು ವರ್ಷ ಕಳೆದಿತ್ತು. ಸಿರಿಂಜು ಕುದಿಸುವುದು, ಮಾತ್ರೆ ಪೊಟ್ಟಣ ಕಟ್ಟುವುದು ನನ್ನ ಕೆಲಸ. ಸಂಕಪ್ಪಣ್ಣನಿಗೆ ಬಿ.ಪಿ.ಗೊಂದು, ಹೃದಯಕ್ಕೊಂದು ಮಾತ್ರೆ ಇತ್ತು. ರಾಮಕುಂಜದಿಂದ ಸೋಮವಾರ ಸೋಮವಾರ ಬರುತ್ತಿದ್ದರು. ಮದ್ದು ತಗೊಳ್ಳುತ್ತೀರಾ ಎಂದು ನಾನು ಕೇಳುವುದು, ಹೌದು ಎಂದು ಅವರು ಹೇಳುವುದು. ಆದರೂ ಮೂರು ವಾರ ಬಿ.ಪಿ. ಏರುತ್ತಲೇ ಹೋಯಿತು. ನಾಲ್ಕನೇ ಸೋಮವಾರ ಮೆಟ್ಟಿಲಲ್ಲೇ ಎದೆ ಹಿಡಿದು ಕೂತುಬಿಟ್ಟರು. ನನ್ನ ಮಗಳು, ಅವರ ಸೊಸೆ, ಆಗ ಏಳು ತಿಂಗಳ ಬಸುರಿ.

ಡಾಕ್ಟರರು ನಾಲಗೆಯಡಿ ಮಾತ್ರೆ ಇಟ್ಟು ನೋವು ಇಳಿಸಿದರು. ನೀವು ತಗೊಳ್ಳುವುದು ಯಾವ ಮದ್ದು, ತೋರಿಸಿ ಎಂದೆ. ಅಂಗಿ ಕಿಸೆಯಿಂದ ಬಂದದ್ದು ಜೇನಿನ ಬಣ್ಣದ ಕ್ಯಾಪ್ಸೂಲು. ವಿಟಮಿನ್ ಇ. ಹೃದಯಕ್ಕೆ ಒಳ್ಳೆಯದೆಂದು ಅವರ ಅಳಿಯ ಗಲ್ಫಿನಿಂದ ಕಳಿಸಿದ್ದು.

"ಮತ್ತೆ ನಮ್ಮ ಮಾತ್ರೆ?"

"ಅದು ನಿಲ್ಲಿಸಿದೆ ಅಕ್ಕ. ಮದ್ದಿನ ಮೇಲೆ ಮದ್ದು ಆಗುದಿಲ್ಲವಲ್ಲ."

ನಮ್ಮಲ್ಲಿ ನಾಟಿ ಮದ್ದು ಹಿಡಿದರೆ ಇಂಗ್ಲಿಷ್ ಮದ್ದು ಬಿಡುವುದು ರೂಢಿ. ಈ ಕ್ಯಾಪ್ಸೂಲಿಗೂ ಅವರು ಅದೇ ಲೆಕ್ಕ ಹಾಕಿದ್ದರು. ಪಾಪ, ಅವರು ಸುಳ್ಳು ಹೇಳಿರಲಿಲ್ಲ. ನಾನೇ ಸರಿ ಕೇಳಿರಲಿಲ್ಲ.

ಡಾಕ್ಟರರು ಬೈಯಲಿಲ್ಲ. ಕೊಯ್ದ ಬಾಳೆಕಾಯಿ ಗಾಳಿಯ ಆಕ್ಸಿಜನ್ ತಾಗಿ ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಇಂಥ ವಿಟಮಿನ್ ಮೈಯೊಳಗೆ ಹೆಚ್ಚುಕಡಿಮೆ ಆ ಮಜ್ಜಿಗೆಯ ಹಾಗೆ, ಅದಕ್ಕೇ ಆಂಟಿಆಕ್ಸಿಡೆಂಟ್ ಎಂಬ ಹೆಸರು ಎಂದರು. ಹೃದಯದ ಕಾಯಿಲೆ ತಡೆಯುತ್ತದೆಂದು ಕೆಲವರ ನಂಬಿಕೆ, ಸಾಬೀತಾಗಿಲ್ಲ. ಸೊಪ್ಪು, ನೆಲ್ಲಿಕಾಯಿ ತಿನ್ನಿ, ಆದರೆ ಬರೆದುಕೊಟ್ಟ ಮಾತ್ರೆಗೆ ಇದು ಬದಲಿ ಅಲ್ಲ ಎಂದರು.

ನಾನು ಇಷ್ಟೇ ಹೇಳಿದೆ: "ಇನ್ನೊಮ್ಮೆ ಬಿಟ್ಟರೆ ಮಗು ನೋಡ್ಲಿಕ್ಕೆ ನೀವಿರುದಿಲ್ಲ, ಅಣ್ಣ."

ಪುತ್ತೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿ ಎದ್ದು ಬಂದರು. ಅಂದಿನಿಂದ ನಾನು ಯಾರನ್ನೂ ಮದ್ದು ತಗೊಳ್ಳುತ್ತೀರಾ ಎಂದು ಕೇಳುವುದಿಲ್ಲ. ಪೊಟ್ಟಣ ತೋರಿಸಿ ಎನ್ನುತ್ತೇನೆ. ಕೆಲಸ ಕಲಿಸಿದ್ದು ಅದು.

ಇವತ್ತು ದೀಪ ಹಚ್ಚಿದ ಮೇಲೆ ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ನಾನು ಹರಿವೆ ಸೊಪ್ಪಿನ ಪಲ್ಯ ಬಡಿಸುವಾಗ ಸಂಕಪ್ಪಣ್ಣ ಬಟ್ಟಲಿಗೆ ಕೈ ಅಡ್ಡ ಹಿಡಿದರು.

"ಇದು ಮದ್ದಾ ಅಕ್ಕ, ಊಟವಾ? ಮದ್ದಾದರೆ ಮಾತ್ರೆ ಬಿಡ್ಬೇಕಲ್ಲ."

"ಊಟ ಮಾರಾಯ್ರೆ. ಕೈ ತೆಗೀರಿ."

ಎರಡು ಸಲ ಹಾಕಿಸಿಕೊಂಡು ಉಂಡರು.