ಉದ್ದಪ್ಪ ಮಾಸ್ತರರ ಏರ್‌ಬ್ರಷ್

ಗೋಕಾಕದ ಉದ್ದಪ್ಪ ಮಾಸ್ತರರು ಅಂಗೈಯಗಲದ ಮಾದರಿ ರೈಲು ಎಂಜಿನ್ನಿಗೆ ಹತ್ತು ನಿಮಿಷ ಬಣ್ಣ ಊದಿದರೆ, ಊದಿದ ಆ ಪೆನ್ನಿನಂಥ ಏರ್‌ಬ್ರಷ್ಷನ್ನು ಒಂದು ತಾಸು ತೊಳೆಯುವ ಪೈಕಿ. ಅದರ ಪುಟ್ಟ ಬಟ್ಟಲಿಗೆ ಥಿನ್ನರ್ ಸುರಿದು ಊದಿ, ಒಳಗಿನ ಸೂಜಿಯನ್ನು ಹಿಂದಿನಿಂದ ಎಳೆದು, ಹಳೆಯ ಧೋತರದ ತುಂಡಿನಿಂದ ಬುಡದಿಂದ ತುದಿಯ ಕಡೆಗೇ ಒರೆಸಬೇಕು. “ತುದಿ ಸೊಟ್ಟಾದ್ರ ಮುಗೀತ್ರಿ, ಬಣ್ಣ ಉಗುಳತೈತಿ,” ಎನ್ನುವುದು ಮನೆಗೆ ಬಂದವರಿಗೆಲ್ಲ ಮೊದಲ ಪಾಠ. ಹಲ್ಲು ತಿಕ್ಕುವುದನ್ನು ಮರೆತಾರು, ಸೂಜಿ ಒರೆಸುವುದನ್ನು ಮರೆಯರು. ವಾಸನೆಗೆ ತಲೆ ಸಿಡಿಯುತ್ತದೆಂದು ಹೆಂಡತಿ ನೀಲವ್ವ ದಿನಾ ಗೊಣಗುತ್ತಾಳೆ. ಮಾಸ್ತರರ ಕೈ ನಡುಗತೊಡಗಿದ ಮೇಲೆ, ಈಗೊಂದು ವರ್ಷದಿಂದ, ಆ ಬಟ್ಟಲಿಗೆ ಬಣ್ಣ ಬಿದ್ದಿಲ್ಲ. ತೊಳೆಯುವುದು ಮಾತ್ರ ತಪ್ಪಿಲ್ಲ. ಒರೆಸಿದ ಅರಿವೆಯಲ್ಲಿ ಒಂದು ಕಲೆಯೂ ಇರುವುದಿಲ್ಲ. ನೀಲವ್ವ ಅದಕ್ಕೆ ಸಬಕಾರ ಹಚ್ಚಿ ತಿಕ್ಕುತ್ತ, ಅವರಿಗೆ ಕೇಳುವಂತೆ, “ಏನ್ ಬಣ್ಣರೀ ಇದು, ಎಷ್ಟ್ ತಿಕ್ಕಿದ್ರೂ ಹೋಗವಲ್ದು,” ಎಂದು ಬೈಯುತ್ತಾಳೆ.